ಅಧ್ಯಕ್ಷರ ಮನೆ ಜಗಳಕ್ಕೆ ಪಂಚಾಯಿತಿ ಕುರ್ಚಿ ಹೋಗಬೇಕಾ?

ಪ್ರಶ್ನೆ: ವಕೀಲರಿಗೆ ನಮಸ್ಕಾರ. ನಾನು ತುಮಕೂರು ಜಿಲ್ಲೆಯ ಒಂದು ಗ್ರಾಮ ಪಂಚಾಯಿತಿಯ ಸದಸ್ಯ. ಮೊದಲ ಸಲ ಗೆದ್ದವನು. ನಾವು ಒಟ್ಟು 17 ಜನ ಇದ್ದೇವೆ. ನಮ್ಮ ಅಧ್ಯಕ್ಷರು ಒಂದು ವರ್ಷದಿಂದ ಹೆಂಡತಿ, ಮಕ್ಕಳನ್ನು ಬಿಟ್ಟು ಪಕ್ಕದ ಹಟ್ಟಿಯಲ್ಲಿ ಬೇರೊಬ್ಬ ಹೆಂಗಸಿನ ಜೊತೆ ಇದ್ದಾರೆ. ಮದುವೆಯೇ ಆಗಿದೆ ಅಂತ ಕೆಲವರು, ಇಲ್ಲ ಅಂತ ಕೆಲವರು. ಇಡೀ ಊರೇ ಇದನ್ನು ಮಾತಾಡುತ್ತಿದೆ. ನನ್ನ ಹೆಂಡತಿ "ಅಂಥವರ ಪಕ್ಕ ಹೇಗೆ ಕೂರ್ತೀರಿ" ಅಂತ ಕೇಳುತ್ತಾಳೆ. ಹೋದ ತಿಂಗಳು ಅಧ್ಯಕ್ಷರ ಹೆಂಡತಿ ಪಂಚಾಯಿತಿ ಆಫೀಸಿಗೇ ಬಂದು, ತೋಳಿನ ಮೇಲಿದ್ದ ಬಾಸುಂಡೆ ತೋರಿಸಿ ಅತ್ತರು. ಸ್ಟೇಷನ್ನಿನಲ್ಲಿ ಕೇಸೂ ಆಗಿದೆ. ಹುಡುಗರು "ಎಫ್‌ಐಆರ್ ಆದ ಮೇಲೆ ಅಧಿಕಾರ ತಾನಾಗೇ ಹೋಗುತ್ತೆ" ಅಂತಾರೆ. ಹಿರಿಯರು "ಅದು ಅವರ ಮನೆ ವಿಷಯ, ರಸ್ತೆ ಆಗಿದೆ, ನೀರು ಬರ್ತಿದೆ, ಬಿಡ್ರಪ್ಪಾ" ಅಂತಾರೆ. ಅವಿಶ್ವಾಸಕ್ಕೆ ನಾವು 9 ಜನ ಒಪ್ಪಿದ್ದೇವೆ. ಕಿಟಕಿಯಿಂದ ತೆಗೆದ ಒಂದು ವಿಡಿಯೊ ಇದೆ, ನಿಮಗೂ ಕಳಿಸಿದ್ದೇನೆ. ಅಂದ ಹಾಗೆ, ಈ ಸಲದ ವಸತಿ ಪಟ್ಟಿಯಲ್ಲಿ ಆ ಹೆಂಗಸಿನ ಹೆಸರೂ ಬಂದಿದೆ. ಅಧ್ಯಕ್ಷರನ್ನು ಇಳಿಸಬಹುದಾ? ಇಳಿಸಬೇಕಾ?

ಉತ್ತರ: ಇಳಿಸಬಹುದಾ, ಇಳಿಸಬೇಕಾ ಅಂತ ಎರಡೂ ಕೇಳಿದ್ದೀರಿ. ನನ್ನ ಬಳಿ ಬರುವ ಸದಸ್ಯರು ಸಾಮಾನ್ಯವಾಗಿ ಮೊದಲನೆಯದನ್ನು ಕೇಳಿ, ಫೀಸು ಎಷ್ಟು ಅಂತ ವಿಚಾರಿಸಿ ಹೊರಡುತ್ತಾರೆ. ಎರಡನೆಯದನ್ನೂ ಕೇಳಿದ್ದಕ್ಕೇ ನಿಮಗೆ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನಿಮ್ಮ ಪತ್ರದಲ್ಲಿ ಮೂರು ಬೇರೆ ಬೇರೆ ವಿಷಯಗಳಿವೆ. ಊರಿನ ಬಾಯಲ್ಲಿ ಅವು ಒಂದೇ ಗಂಟಾಗಿವೆ. ಅಧ್ಯಕ್ಷರು ಬೇರೊಬ್ಬರ ಜೊತೆ ಇದ್ದಾರೆ ಅನ್ನುವುದು ಒಂದು. ಹೆಂಡತಿಯನ್ನು ಹೊಡೆದಿದ್ದಾರೆ ಅನ್ನುವುದು ಇನ್ನೊಂದು. ಕೊನೆಗೆ "ಅಂದ ಹಾಗೆ" ಅಂತ ಸೇರಿಸಿದ್ದೀರಲ್ಲ, ಆ ವಸತಿ ಪಟ್ಟಿ ಮೂರನೆಯದು. ಊರಿಗೆ ಮೊದಲನೆಯದು ದೊಡ್ಡದು. ಕಾನೂನಿಗೆ ಎರಡನೆಯದು. ಪಂಚಾಯಿತಿಯ ಲೆಕ್ಕದಲ್ಲಿ ಮೂರನೆಯದು ಎಲ್ಲಕ್ಕಿಂತ ದೊಡ್ಡದಾಗಬಹುದು, ನೀವು ಅದಕ್ಕೆ ಒಂದೇ ಸಾಲು ಕೊಟ್ಟಿದ್ದೀರಿ.

ಮೊದಲು ಹುಡುಗರ ಮಾತು. ಎಫ್‌ಐಆರ್ ಆದ ಮಾತ್ರಕ್ಕೆ ಯಾರ ಅಧಿಕಾರವೂ ಹೋಗುವುದಿಲ್ಲ. ಪಂಚಾಯಿತಿ ಸದಸ್ಯರಿಂದ ಹಿಡಿದು ಮುಖ್ಯಮಂತ್ರಿಯ ತನಕ ಇದೇ ನಿಯಮ. 2014ರಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠದ ಮುಂದೆ, ಕ್ರಿಮಿನಲ್ ಕೇಸು ಇರುವವರನ್ನು ಮಂತ್ರಿ ಮಾಡಬಾರದು ಅನ್ನುವ ಅರ್ಜಿ ಬಂತು. ಕೋರ್ಟು ಅದನ್ನು ಪ್ರಧಾನಿ, ಮುಖ್ಯಮಂತ್ರಿಗಳ ವಿವೇಕಕ್ಕೆ ಬಿಟ್ಟಿತು. 2018ರಲ್ಲಿ ಆರೋಪಪಟ್ಟಿ ಸಿದ್ಧವಾದವರು ಚುನಾವಣೆಗೇ ನಿಲ್ಲಬಾರದು ಅಂತ ಕೇಳಿದಾಗಲೂ, ಅದು ಸಂಸತ್ತು ಮಾಡಬೇಕಾದ ಕೆಲಸ, ನಮ್ಮದಲ್ಲ ಅಂದಿತು. 2024ರ ಮಾರ್ಚ್‌ನಲ್ಲಿ ದೆಹಲಿಯ ಮುಖ್ಯಮಂತ್ರಿಯಾಗಿದ್ದ ಅರವಿಂದ ಕೇಜ್ರಿವಾಲ್ ಬಂಧನವಾದ ಮೇಲೂ ಆ ಹುದ್ದೆಯಲ್ಲಿ ಮುಂದುವರಿದರು. ಅದನ್ನು ತಡೆಯುವ ಕಾನೂನು ಇರಲಿಲ್ಲ. ಐದು ವರ್ಷ ಅಥವಾ ಅದಕ್ಕಿಂತ ಜಾಸ್ತಿ ಶಿಕ್ಷೆ ಬೀಳಬಹುದಾದ ಕೇಸಿನಲ್ಲಿ 30 ದಿನ ಒಳಗಿದ್ದರೆ ಮಂತ್ರಿಗಿರಿ ಹೋಗಬೇಕು ಅನ್ನುವ ಸಂವಿಧಾನ ತಿದ್ದುಪಡಿ ಮಸೂದೆಯನ್ನು 2025ರ ಆಗಸ್ಟ್‌ನಲ್ಲಿ ಲೋಕಸಭೆಯಲ್ಲಿ ಮಂಡಿಸಿ ಜಂಟಿ ಸಮಿತಿಗೆ ಕಳಿಸಿದರು. ಅದೂ ಮಂತ್ರಿಗಳ ಮಾತು, ನಿಮ್ಮ ಅಧ್ಯಕ್ಷರದ್ದಲ್ಲ.

ಇದು ನ್ಯಾಯವಾ ಅಂತ ನಿಮಗೆ ಅನಿಸಬಹುದು. ನಿಮ್ಮ ಪಿಡಿಒ, ಅಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, 48 ಗಂಟೆಗಿಂತ ಜಾಸ್ತಿ ಕಸ್ಟಡಿಯಲ್ಲಿದ್ದರೆ ಅಮಾನತಾದಂತೆಯೇ ಲೆಕ್ಕ. ಹೆಂಡತಿ ಇರುವಾಗ ಎರಡನೇ ಮದುವೆಯಾದರೆ ಅವರ ಕೆಲಸಕ್ಕೇ ಕುತ್ತು. ಅವರ ಎದುರಿನ ಕುರ್ಚಿಯಲ್ಲಿ ಕೂರುವ ಅಧ್ಯಕ್ಷರಿಗೆ ಅಂಥ ನಡತೆ ನಿಯಮ ಇಲ್ಲ. ಯಾಕೆ? ನೌಕರನನ್ನು ನೇಮಿಸಿದ್ದು ಸರ್ಕಾರ, ಸರ್ಕಾರ ತೆಗೆಯಬಹುದು. ಸದಸ್ಯನನ್ನು ಆರಿಸಿದ್ದು ವಾರ್ಡಿನ ಜನ. ಒಂದು ದೂರಿನಿಂದ ಅವನ ಸ್ಥಾನ ಹೋಗುವಂತಿದ್ದರೆ ಸೋತವರು ಮಾರನೇ ದಿನವೇ ಸ್ಟೇಷನ್ ಮುಂದೆ ಸಾಲು ನಿಲ್ಲುತ್ತಿದ್ದರು. ಪಂಚಾಯಿತಿ ರಾಜಕೀಯ ಹತ್ತಿರದಿಂದ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಅಲ್ವಾ?

ಶಿಕ್ಷೆಯಾದರೆ ಮಾತು ಬೇರೆ. ಗಂಡನ ಕ್ರೌರ್ಯದ ಕೇಸಿಗೆ ಹಳೇ ಕಾನೂನಿನಲ್ಲಿ 498ಎ ಅಂತಿದ್ದರು. 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಂ, ಮೂರು ವರ್ಷದ ತನಕ ಜೈಲು. ಜನಪ್ರತಿನಿಧಿ ಕಾಯ್ದೆಯ 8ನೇ ಕಲಮಿನ ಮೊದಲ ಪಟ್ಟಿಯಲ್ಲೇ 498ಎ ಇದೆ. ಬರೀ ದಂಡ ಬಿದ್ದರೂ ಆರು ವರ್ಷ ಅನರ್ಹತೆ. ಜೈಲಾದರೆ ಶಿಕ್ಷೆಯ ದಿನದಿಂದ ಶುರುವಾಗಿ, ಹೊರಬಂದ ಮೇಲೂ ಆರು ವರ್ಷ. ಇದು ಎಂಎಲ್‌ಎಗಳಿಗೆ ಮಾತ್ರ ಅಂದುಕೊಳ್ಳಬೇಡಿ. ಸಂವಿಧಾನದ 243ಎಫ್ ವಿಧಿಯ ಪ್ರಕಾರ, ವಿಧಾನಸಭೆ ಚುನಾವಣೆಗೆ ಅನರ್ಹನಾದವನು ಪಂಚಾಯಿತಿಗೂ ಅನರ್ಹ. ಮೊದಲು ಸಂಸದರು, ಶಾಸಕರು ಮೂರು ತಿಂಗಳೊಳಗೆ ಅಪೀಲು ಹಾಕಿ ಸ್ಥಾನ ಉಳಿಸಿಕೊಳ್ಳುತ್ತಿದ್ದರು. 2013ರ ಜುಲೈ 10ರಂದು ಸುಪ್ರೀಂ ಕೋರ್ಟು ಆ ರಕ್ಷಣೆಯನ್ನು ರದ್ದು ಮಾಡಿತು. ಮಾರನೇ ವರ್ಷ ಬೆಂಗಳೂರಿನ ವಿಶೇಷ ಕೋರ್ಟು ತೀರ್ಪು ಕೊಟ್ಟ ಕೂಡಲೇ ಜಯಲಲಿತಾ ಅವರ ಮುಖ್ಯಮಂತ್ರಿ ಪದವಿ ಹೋಗಿದ್ದು ಹಾಗೆ. ಆದರೆ ನಿಮ್ಮ ಅಧ್ಯಕ್ಷರ ಕೇಸು ತೀರ್ಪಿನ ಹಂತಕ್ಕೆ ಬರುವಷ್ಟರಲ್ಲಿ ಅವರ ಅವಧಿಯೇ ಮುಗಿದಿರಬಹುದು. ತಾಲ್ಲೂಕು ಕೋರ್ಟುಗಳ ವೇಗ ನನಗೆ ಗೊತ್ತು.

ಇನ್ನು ಹಿರಿಯರ ಮಾತು. ಅದರಲ್ಲಿ ಅರ್ಧ ಸರಿ, ಅರ್ಧ ತಪ್ಪು.

ಬೇರೆ ಹೆಂಗಸಿನ ಜೊತೆ ಇರುವುದು ಅಪರಾಧ ಅಲ್ಲ. ವ್ಯಭಿಚಾರದ 497ನೇ ಕಲಮನ್ನು ಸುಪ್ರೀಂ ಕೋರ್ಟು 2018ರ ಸೆಪ್ಟೆಂಬರ್ 27ರಂದು ಹೊಡೆದುಹಾಕಿತು. ಈಗ ಅದು ವಿಚ್ಛೇದನಕ್ಕೆ ಕಾರಣ ಮಾತ್ರ. ಎರಡನೇ ಮದುವೆ ಆಗಿದ್ದರೆ ಅಪರಾಧ, ಏಳು ವರ್ಷದ ತನಕ ಶಿಕ್ಷೆ. ಆದರೆ ಶಾಸ್ತ್ರೋಕ್ತವಾಗಿ ಮದುವೆ ನಡೆದಿದೆ ಅಂತ ಸಾಬೀತು ಮಾಡಬೇಕು. "ಒಟ್ಟಿಗೆ ಇದ್ದಾರೆ, ತಾಳಿ ಕಟ್ಟಿರಬಹುದು" ಅನ್ನುವುದು ಕೋರ್ಟಿನಲ್ಲಿ ನಡೆಯುವುದಿಲ್ಲ. ಅಷ್ಟರ ಮಟ್ಟಿಗೆ ಹಿರಿಯರು ಹೇಳುವುದು ಸರಿ. ಹೆಂಡತಿಯನ್ನು ಹೊಡೆಯುವುದು ಮಾತ್ರ ಮನೆ ವಿಷಯ ಅಲ್ಲ. ನಿಮ್ಮ ಪಂಚಾಯಿತಿ ಮಹಿಳಾ ಗ್ರಾಮಸಭೆ ನಡೆಸಬೇಕು. ಅಲ್ಲಿ ಅಧ್ಯಕ್ಷರ ಕುರ್ಚಿಯಲ್ಲಿ ಕೂರುವವರು ಇವರೇ. ಹೊಡೆತ ತಿಂದ ಇನ್ನೊಬ್ಬ ಹೆಣ್ಣುಮಗಳು ಆ ಸಭೆಯಲ್ಲಿ ಎದ್ದು ನಿಂತು ಏನು ಹೇಳಿಯಾಳು? "ಕೆಲಸ ಮಾಡ್ತಾರಲ್ಲ" ಅನ್ನುವ ಮಾತು ನನಗೆ ಒಪ್ಪಿಗೆಯಾಗದ ಜಾಗ ಇದು. ಇದೂ ಕೆಲಸವೇ, ಇದನ್ನು ಮಾಡುವ ಯೋಗ್ಯತೆ ಅವರಲ್ಲಿ ಈಗ ಕಾಣುತ್ತಿಲ್ಲ.

ಹಾಗಾದರೆ ಇಳಿಸಬೇಕು ಅಂತಲಾ? ಸ್ವಲ್ಪ ತಡೆಯಿರಿ. ಇಲ್ಲಿ ನನ್ನದೊಂದು ಅನುಭವ ಹೇಳಬೇಕು.

ಕೆಲವು ವರ್ಷಗಳ ಹಿಂದೆ ಮೀಸಲಾತಿಯಲ್ಲಿ ಗೆದ್ದ ಅಧ್ಯಕ್ಷೆಯೊಬ್ಬರು ನನ್ನ ಆಫೀಸಿಗೆ ಬಂದರು. ವಯಸ್ಸು ಮೂವತ್ತರ ಆಸುಪಾಸು. ಸದಸ್ಯರು ಮೇಲಿನವರಿಗೆ ಬರೆದ ದೂರಿನ ನಕಲು ಅವರ ಕೈಲಿತ್ತು. ಅದರಲ್ಲಿ ಮೊದಲ ಸಾಲೇ "ನಡತೆ ಸರಿಯಿಲ್ಲ". ಆಧಾರ ಏನು? ತಾಲ್ಲೂಕು ಮೀಟಿಂಗಿಗೆ ಬಸ್ ತಪ್ಪಿದ ದಿನ ಬಿಲ್ ಕಲೆಕ್ಟರ್ ಬೈಕಿನ ಹಿಂದೆ ಕೂತು ಹೋಗಿದ್ದರು. ಅಷ್ಟೇ. ಅರ್ಧ ಗಂಟೆ ಮಾತಾಡಿದ ಮೇಲೆ ನಿಜ ಹೊರಗೆ ಬಂತು. ಕಟ್ಟದೇ ಇದ್ದ ಒಂದು ಚರಂಡಿಯ ಬಿಲ್ಲಿಗೆ ಸಹಿ ಹಾಕಲ್ಲ ಅಂದಿದ್ದರು. ಬಿಲ್ಲಿನ ಜಗಳ ಬೈಕಿನ ಮೇಲೆ ಕೂತು ಬಂದಿತ್ತು. ಅವರು ಕಣ್ಣೀರು ಹಾಕಲಿಲ್ಲ. "ಸಾರ್, ನಮ್ಮೆಜಮಾನ್ರಿಗೆ ಏನು ಹೇಳಲಿ" ಅಂತ ಮಾತ್ರ ಕೇಳಿದರು.

ಕರ್ನಾಟಕದ ಪಂಚಾಯಿತಿಗಳಲ್ಲಿ ಅರ್ಧ ಸ್ಥಾನ ಹೆಣ್ಣುಮಕ್ಕಳದ್ದು. "ನಡತೆ" ಅನ್ನುವ ಆಯುಧವನ್ನು ಒಮ್ಮೆ ಹೊರಗೆ ತೆಗೆದರೆ ಅದು ಮುಂದೆ ಯಾರ ಮೇಲೆ ಜಾಸ್ತಿ ಬೀಳುತ್ತದೆ ಅಂತ ನಾನು ನೋಡಿದ್ದೇನೆ. ಗಂಡಸು ಒಂದು ವರ್ಷ ಬೇರೆ ಮನೆಯಲ್ಲಿದ್ದರೂ ಕುರ್ಚಿ ಅಲ್ಲಾಡುವುದಿಲ್ಲ, ಹೆಣ್ಣಿಗೆ ಹನ್ನೆರಡು ಕಿಲೋಮೀಟರ್ ಬೈಕ್ ಪ್ರಯಾಣ ಸಾಕು. ಅದಕ್ಕೇ ನಾಚಿಕೆಯನ್ನು ಅಳತೆಗೋಲು ಮಾಡಿಕೊಳ್ಳಬೇಡಿ ಅಂತ ನಾನು ಸದಸ್ಯರಿಗೆ ಹೇಳುತ್ತೇನೆ. ಊರಿಗೆ ಎಷ್ಟು ಅವಮಾನವಾಯಿತು ಅಂತ ಕೇಳಬೇಡಿ. ತಪ್ಪು ಕುರ್ಚಿಯ ತನಕ ಬಂದಿದೆಯಾ ಅಂತ ಕೇಳಿ. ಆ ಹುದ್ದೆಯ ಬಲ ಬಳಸಿ ಯಾರಿಗಾದರೂ ಕೊಟ್ಟರಾ, ಯಾರಿಂದಲಾದರೂ ಕಿತ್ತರಾ, ಯಾರ ಬಾಯಾದರೂ ಮುಚ್ಚಿಸಿದರಾ, ಸಭೆಗೆ ಸುಳ್ಳು ಹೇಳಿದರಾ?

ಕೊನೆಯದು ಸಣ್ಣ ವಿಷಯ ಅಲ್ಲ. 1963ರಲ್ಲಿ ಇಂಗ್ಲೆಂಡಿನ ಯುದ್ಧಮಂತ್ರಿ ಜಾನ್ ಪ್ರೊಫ್ಯೂಮೊ ಹೆಣ್ಣಿನ ಸಂಬಂಧದ ಗಲಾಟೆಯಲ್ಲಿ ಸಿಕ್ಕಿಬಿದ್ದರು. ರಾಜೀನಾಮೆ ಕೊಡುವಾಗ ಅವರು ಒಪ್ಪಿಕೊಂಡ ತಪ್ಪು ಮಾತ್ರ, ಮಾರ್ಚ್‌ನಲ್ಲಿ ಪಾರ್ಲಿಮೆಂಟಿನಲ್ಲಿ ನಿಂತು ಹೇಳಿದ ಸುಳ್ಳು.

ನಮ್ಮ ಪಂಚಾಯತ್ ರಾಜ್ ಕಾಯ್ದೆಯೂ ಹೆಚ್ಚುಕಡಿಮೆ ಹೀಗೇ ಯೋಚಿಸುತ್ತದೆ. 48(4)ನೇ ಕಲಮಿನಲ್ಲಿ ಅಧ್ಯಕ್ಷರನ್ನು ಆ ಹುದ್ದೆಯಿಂದ ತೆಗೆಯುವ ಅಧಿಕಾರ ಸರ್ಕಾರಕ್ಕಿದೆ. ಆದರೆ ಕಾರಣ ಏನಿರಬೇಕು? ಕರ್ತವ್ಯ ಮಾಡುವಾಗಿನ ದುರ್ನಡತೆ, ಇಲ್ಲವೇ ಕರ್ತವ್ಯದಲ್ಲಿ ಪದೇ ಪದೇ ಅಸಡ್ಡೆ. ಮನೆಯ ಮಾತು ಅಲ್ಲಿ ಬರುವುದಿಲ್ಲ. 43ಎ ಕಲಂ ಸದಸ್ಯತ್ವದ್ದು. ಅಲ್ಲಿ ಮಾತ್ರ ಕರ್ತವ್ಯದ ದುರ್ನಡತೆಯ ಜೊತೆಗೆ ನಾಚಿಕೆಗೇಡಿನ ನಡತೆ ಅನ್ನುವ ಅರ್ಥದ ಮಾತೂ ಇದೆ. ಅದನ್ನು ನೋಡಿ ಹಿಗ್ಗಬೇಡಿ. ಸರ್ಕಾರ ವಿಚಾರಣೆ ಮಾಡಬೇಕು, ಅವರ ಮಾತು ಕೇಳಬೇಕು, ಆಧಾರ ಬೇಕು. 2012ರಲ್ಲಿ ಮಹಾರಾಷ್ಟ್ರದ ಉರಣ್ ಪುರಸಭೆಯ ಅಧ್ಯಕ್ಷರ ಕೇಸಿನಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟವಾಗಿ ಹೇಳಿದೆ: ಜನ ಆರಿಸಿದವರನ್ನು ತೆಗೆಯುವಾಗ ಸಣ್ಣಪುಟ್ಟ ಕಾರಣ ಸಾಲದು, ಕ್ರಮ ತಪ್ಪಬಾರದು. ಆತುರದಲ್ಲಿ ತೆಗೆದ ಆದೇಶಗಳು ಹೈಕೋರ್ಟಿನಲ್ಲಿ ಬಿದ್ದು, ಅದೇ ಅಧ್ಯಕ್ಷರು ಹಾರ ಹಾಕಿಸಿಕೊಂಡು ವಾಪಸ್ ಬಂದಿದ್ದನ್ನು ನಾನೇ ನೋಡಿದ್ದೇನೆ. ಹಾಗೆ ವಾಪಸ್ ಬಂದವರ ಜೊತೆ ಉಳಿದ ಅವಧಿ ಕಳೆಯುವುದು ದೂರು ಕೊಟ್ಟವರಿಗೆ ಬಹಳ ಕಷ್ಟ.

ಅವಿಶ್ವಾಸದ ದಾರಿ ಬೇರೆ. ಇದು 49ನೇ ಕಲಂ. ಇಲ್ಲಿ ದುರ್ನಡತೆ ಸಾಬೀತು ಮಾಡಬೇಕಿಲ್ಲ. "ನಮಗೆ ಇವರ ಮೇಲೆ ವಿಶ್ವಾಸ ಇಲ್ಲ" ಅಂದರೆ ಸಾಕು. ನೋಟಿಸಿಗೆ ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಸಹಿ ಬೇಕು. ನಿಮ್ಮ 17ಕ್ಕೆ ಅದು 9, ನಿಮ್ಮಲ್ಲಿದೆ. ಅದನ್ನು ಎಸಿ ಅಂದರೆ ಉಪವಿಭಾಗಾಧಿಕಾರಿಗೆ ಕೊಡಬೇಕು, ಸಭೆ ಕರೆಯುವುದು ಅವರು. ಗೆಲ್ಲಲು ಮಾತ್ರ ಒಟ್ಟು ಸದಸ್ಯರ ಮೂರನೇ ಎರಡು ಭಾಗ ಬೇಕು, ಸಭೆಗೆ ಬಂದವರದ್ದಲ್ಲ. 17ಕ್ಕೆ ಅದು 12. ನಿಮಗೆ ಇನ್ನೂ ಮೂರು ಜನ ಬೇಕು.

ಅಪಾಯ ಇರುವುದು ಆ ಮೂರು ಜನರಲ್ಲೇ. ನೋಟಿಸ್ ಹೋದ ದಿನದಿಂದ ಸಭೆಯ ದಿನದ ತನಕ ಆ ಮೂವರಿಗೆ ಇರುವ ಬೆಲೆ ಊರಿನ ಚಿನ್ನಕ್ಕೂ ಇರುವುದಿಲ್ಲ. ಯಾರೋ ಕಾರು ಕಳಿಸುತ್ತಾರೆ, ಯಾರೋ ಧರ್ಮಸ್ಥಳಕ್ಕೆ ಕರೆದೊಯ್ದು ಆಣೆ ಮಾಡಿಸುತ್ತಾರೆ, ಫೋನ್ ಸ್ವಿಚ್ ಆಫ್ ಆಗುತ್ತದೆ. ನೀವು ಶುರು ಮಾಡಿದ್ದು ಒಬ್ಬ ಹೆಣ್ಣುಮಗಳ ಬಾಸುಂಡೆಗೆ ನ್ಯಾಯ ಕೇಳಿ. ಮುಗಿಯುವುದು ಮೂವರಲ್ಲಿ ಮುಂದಿನ ಅಧ್ಯಕ್ಷ ಯಾರು ಅನ್ನುವ ವ್ಯಾಪಾರದಲ್ಲಿ. ನಿಮ್ಮ 9 ಜನರಲ್ಲಿ ನಿಜಕ್ಕೂ ಬಾಸುಂಡೆ ನೋಡಿ ಬಂದವರು ಎಷ್ಟು, ಕುರ್ಚಿ ನೋಡಿ ಬಂದವರು ಎಷ್ಟು ಅಂತ ನಿಮಗೆ ನೀವೇ ಒಂದು ಸಲ ಎಣಿಸಿಕೊಳ್ಳಿ. ಇನ್ನೊಂದು ವಿಷಯ, ನಿರ್ಣಯ ಬಿದ್ದುಹೋದರೆ ಕೂಡಲೇ ಮತ್ತೊಂದು ತರಲು ಆಗುವುದಿಲ್ಲ. ಅಧ್ಯಕ್ಷರಾಗಿ ಇಂತಿಷ್ಟು ಸಮಯ ಆಗುವ ತನಕ ಮಂಡಿಸುವಂತಿಲ್ಲ ಅನ್ನುವ ನಿಯಮವೂ ಇದೆ. ಆ ಅವಧಿಯನ್ನು ಹಲವು ಸಲ ತಿದ್ದಿದ್ದಾರೆ. ಹಳೇ ಪುಸ್ತಕ ನೋಡಿ ಹೋಗಬೇಡಿ, ಎಸಿ ಕಚೇರಿಯಲ್ಲಿ ಈಗಿನದ್ದನ್ನು ಕೇಳಿಕೊಳ್ಳಿ.

ಅವರಾಗಿಯೇ ಬಿಟ್ಟುಕೊಡುವುದು ಇನ್ನೊಂದು ದಾರಿ. ನಮ್ಮ ರಾಜ್ಯದಲ್ಲಿ ಇದಕ್ಕೆ ಉದಾಹರಣೆಗಳಿವೆ. ಸಾರಾಯಿ ಬಾಟ್ಲಿಂಗ್ ಗುತ್ತಿಗೆ ವಿಷಯದಲ್ಲಿ ಹೈಕೋರ್ಟು ಟೀಕೆ ಮಾಡಿದಾಗ, 1986ರಲ್ಲಿ, ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ ರಾಜೀನಾಮೆ ಕೊಟ್ಟು ಆಮೇಲೆ ವಾಪಸ್ ಪಡೆದರು. 1988ರಲ್ಲಿ ಫೋನ್ ಕದ್ದಾಲಿಕೆ ವಿವಾದದಲ್ಲಿ ಕೊಟ್ಟ ರಾಜೀನಾಮೆ ಕೊಟ್ಟಿದ್ದೇ ಆಯಿತು. 2012ರ ಫೆಬ್ರವರಿಯಲ್ಲಿ ವಿಧಾನಸಭೆ ನಡೆಯುತ್ತಿರುವಾಗಲೇ ಮೊಬೈಲಿನಲ್ಲಿ ಅಶ್ಲೀಲ ದೃಶ್ಯ ನೋಡಿದ ಆರೋಪದ ಮೇಲೆ ಮೂವರು ಸಚಿವರು ಹುದ್ದೆ ಬಿಟ್ಟರು. ಅವರ ಶಾಸಕ ಸ್ಥಾನಕ್ಕೆ ಏನೂ ಆಗಲಿಲ್ಲ. ಅವರಲ್ಲಿ ಒಬ್ಬರು 2019ರಲ್ಲಿ ಉಪಮುಖ್ಯಮಂತ್ರಿಯೂ ಆದರು. ಜನ ಇದನ್ನು ಹೇಳಿ ನಗುತ್ತಾರೆ. ಆದರೆ ಅದರಲ್ಲಿ ಗಮನಿಸಬೇಕಾದ ಒಂದು ಅಂಶ ಇದೆ. ಸಚಿವ ಸ್ಥಾನ ಜೊತೆಯವರ ವಿಶ್ವಾಸದಿಂದ ಬಂದದ್ದು, ಶಾಸಕ ಸ್ಥಾನ ಮತದಾರರಿಂದ ಬಂದದ್ದು. ಮೊದಲನೆಯದು ಬೇಗ ಹೋಗಬೇಕು, ಎರಡನೆಯದು ಸುಲಭಕ್ಕೆ ಹೋಗಬಾರದು. ನಿಮ್ಮಲ್ಲೂ ಹಾಗೆಯೇ. ಅಧ್ಯಕ್ಷಗಿರಿ ನೀವು 17 ಜನ ಸೇರಿ ಕೊಟ್ಟದ್ದು. ಸದಸ್ಯತ್ವ ಅವರ ವಾರ್ಡು ಕೊಟ್ಟದ್ದು.

ಈಗ "ಇಳಿಸಬೇಕಾ" ಅನ್ನುವುದಕ್ಕೆ ನನ್ನ ಉತ್ತರ. ಬೇರೆ ಹೆಂಗಸಿನ ಜೊತೆ ಇದ್ದಾರೆ ಅನ್ನುವುದೊಂದಕ್ಕೇ ಆದರೆ, ಬೇಡ. ಅದು ಅವರ ಹೆಂಡತಿ ಫ್ಯಾಮಿಲಿ ಕೋರ್ಟಿನಲ್ಲಿ ಕೇಳಬೇಕಾದ ಲೆಕ್ಕ, ನಾಳೆ ಮತದಾರರು ಕೇಳಬಹುದಾದ ಲೆಕ್ಕ. ಹೊಡೆದ ಕೇಸಿಗೆ, ನಾನು ನಿಮ್ಮ ಜಾಗದಲ್ಲಿದ್ದರೆ ಮೊದಲು ನಾಲ್ಕು ಜನ ಹೋಗಿ ಮುಖಾಮುಖಿ ಕೂತು ಕೇಳುತ್ತಿದ್ದೆ: ಕೇಸು ಮುಗಿಯುವ ತನಕ ಅಧ್ಯಕ್ಷ ಸ್ಥಾನ ಬಿಡಿ, ಸದಸ್ಯರಾಗಿರಿ. ಒಪ್ಪಿದರೆ ರಾಜೀನಾಮೆ ಎಸಿಗೆ ಹೋಗಬೇಕು. ಕೊಟ್ಟ ಮೇಲೂ ವಾಪಸ್ ಪಡೆಯಲು ಕೆಲವು ದಿನ ಇರುತ್ತದೆ, ಅಷ್ಟರಲ್ಲಿ ಪಟಾಕಿ ಹೊಡೆಯಬೇಡಿ. ಒಪ್ಪದಿದ್ದರೆ ಅವಿಶ್ವಾಸ ನಿಮ್ಮ ಹಕ್ಕು. ಆದರೆ 12 ಜನ ನಿಮ್ಮ ಮನೆ ಜಗಲಿಯಲ್ಲಿ ಕೂತು ಸಹಿ ಹಾಕುವ ತನಕ ನೋಟಿಸ್ ಕೊಡಬೇಡಿ.

ಆ ಕೆಲಸದ ನಡುವೆ ಹೊಡೆತ ತಿಂದವರನ್ನು ಮರೆಯಬೇಡಿ. ಊರೆಲ್ಲ ಅಧ್ಯಕ್ಷರ ಕುರ್ಚಿ ಬಗ್ಗೆ ಮಾತಾಡುತ್ತಿದೆ, ಆ ತಾಯಿಗೆ ಈ ತಿಂಗಳ ರೇಷನ್ನಿಗೆ ದುಡ್ಡಿದೆಯಾ ಅಂತ ಯಾರಾದರೂ ಕೇಳಿದ್ದಾರಾ? 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಅವರು ಜೀವನಾಂಶ, ಇರಲು ಮನೆ, ಹತ್ತಿರ ಬಾರದಂತೆ ಆದೇಶ ಎಲ್ಲವನ್ನೂ ಕೇಳಬಹುದು. ಸಂರಕ್ಷಣಾಧಿಕಾರಿಯನ್ನು ಹೇಗೆ ಕಾಣಬೇಕು ಅಂತ ನಿಮ್ಮ ಅಂಗನವಾಡಿ ಮೇಲ್ವಿಚಾರಕಿಯನ್ನು ಕೇಳಿದರೆ ಹೇಳುತ್ತಾರೆ. ಗಂಡನ ಅಧ್ಯಕ್ಷಗಿರಿ ಹೋದರೂ ಉಳಿದರೂ ಇದು ಅವರಿಗೆ ಬೇಕು.

ಇನ್ನು ಆ ವಸತಿ ಪಟ್ಟಿ. ಆ ಹೆಂಗಸು ನಿಜಕ್ಕೂ ಮನೆ ಇಲ್ಲದ ಬಡವರೇ ಇರಬಹುದು. ಅಧ್ಯಕ್ಷರ ಜೊತೆ ಇದ್ದಾರೆ ಅನ್ನುವ ಕಾರಣಕ್ಕೆ ಅವರ ಹಕ್ಕು ಹೋಗಬಾರದು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ಫಲಾನುಭವಿಗಳ ಆಯ್ಕೆ ಗ್ರಾಮಸಭೆಯಲ್ಲಿ ಆಗಬೇಕು. ಹಾಗಾಗಿ ಮೂರು ಕಾಗದ ನೋಡಿ: ಗ್ರಾಮಸಭೆಯ ನಡಾವಳಿ, ಅಲ್ಲಿ ಓದಿದ ಪಟ್ಟಿ, ಆಮೇಲೆ ಮೇಲಕ್ಕೆ ಹೋದ ಪಟ್ಟಿ. ಮೊದಲೆರಡರಲ್ಲಿ ಹೆಸರಿದ್ದರೆ ಮಾತು ಮುಗಿಯಿತು. ಸಭೆಯಲ್ಲಿ ಓದದ ಹೆಸರು ಮೇಲೆ ಹೋದ ಪಟ್ಟಿಯಲ್ಲಿ ಸೇರಿದ್ದರೆ, ಇಲ್ಲವೇ ಒಂದು ಹೆಸರು ಹೊಡೆದು ಇದನ್ನು ಬರೆದಿದ್ದರೆ, ಆಗ ಮನೆಯ ವಿಷಯ ಕುರ್ಚಿಯ ತನಕ ಬಂದಿದೆ. 48(4) ಕೇಳುವ ಕರ್ತವ್ಯದ ದುರ್ನಡತೆ ಅಂದರೆ ಅದು. ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿಗೆ (ಇಒ), ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗೆ (ಸಿಇಒ), ಲೋಕಾಯುಕ್ತಕ್ಕೆ ಕೊಡಬಹುದಾದ ದೂರು ಅದು. ಅದಕ್ಕೆ 12 ಜನ ಬೇಕಿಲ್ಲ, ನೀವೊಬ್ಬರೇ ಸಾಕು. ಸದಸ್ಯರಾಗಿ ದಾಖಲೆ ಕೇಳಿ. ಕೊಡದಿದ್ದರೆ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಇಟ್ಟು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ, 30 ದಿನದಲ್ಲಿ ಉತ್ತರ ಕೊಡಬೇಕು. ಪಟ್ಟಿಯಲ್ಲಿ ಅವರ ಹೆಸರೊಂದನ್ನೇ ಅಲ್ಲ, ಎಲ್ಲ ಹೆಸರುಗಳನ್ನೂ ಹೋಲಿಸಿ ನೋಡಿ. ನಿಮ್ಮ 9 ಜನರ ಕಡೆಯವರ ಹೆಸರುಗಳೂ ಸಿಕ್ಕರೆ ಆಶ್ಚರ್ಯ ಪಡಬೇಡಿ.

ಆ ವಿಡಿಯೊ ನಾನು ತೆರೆಯಲಿಲ್ಲ. ಕಿಟಕಿಯಿಂದ ಒಬ್ಬರ ಖಾಸಗಿ ದೃಶ್ಯ ತೆಗೆಯುವುದು, ಅದನ್ನು ಹಂಚುವುದು ಐಟಿ ಕಾಯ್ದೆಯ 66ಇ ಪ್ರಕಾರ ಅಪರಾಧ, ಮೂರು ವರ್ಷದ ತನಕ ಶಿಕ್ಷೆ. ಲೈಂಗಿಕ ದೃಶ್ಯವಾದರೆ 67ಎ ಪ್ರಕಾರ ಐದು ವರ್ಷದ ತನಕ. ಅದರಲ್ಲಿರುವ ಹೆಂಗಸು ನಾಳೆ ದೂರು ಕೊಟ್ಟರೆ ಮೊದಲು ಸ್ಟೇಷನ್ ಹತ್ತುವವರು ಅಧ್ಯಕ್ಷರಲ್ಲ, ಅದನ್ನು ಫಾರ್ವರ್ಡ್ ಮಾಡಿದವರು. ಅವಿಶ್ವಾಸದ ದಿನ ನಿಮ್ಮ 12ರಲ್ಲಿ ಇಬ್ಬರು ಜಾಮೀನಿಗೆ ಓಡಾಡುತ್ತಿದ್ದರೆ ಲೆಕ್ಕ 10ಕ್ಕೆ ನಿಲ್ಲುತ್ತದೆ. ಅದು ಯಾವುದಾದರೂ ಫೋನ್ ಗ್ರೂಪಿಗೆ ಹೋಗಿದ್ದರೆ ಇವತ್ತು ಸಂಜೆಯೊಳಗೆ ತೆಗೆಸಿ.